ಆಡುವ ಮಕ್ಕಳಿಗೆ ಬಯಲು ಬಿಡಿ

ನಮ್ಮ ಜಿಲ್ಲಾ ಪಟ್ಟಣಗಳ ಯಾವುದಾದರೊಂದು ಬಡಾವಣೆಯ ಪಾರ್ಕಿಗೆ ಹೋಗಿ ನೋಡಿ. ಗಿಡ ಮರಗಳಿಗಿಂತ ಮೊದಲು ಕಣ್ಣಿಗೆ ಬೀಳುವುದು ಗೇಟಿನ ಬಳಿಯ ಫಲಕ. ಹುಲ್ಲಿನ ಮೇಲೆ ನಡೆಯಬಾರದು, ಚೆಂಡಾಟ ಆಡಬಾರದು, ಮರ ಹತ್ತಬಾರದು, ಗದ್ದಲ ಮಾಡಬಾರದು, ಗೊತ್ತಾದ ವೇಳೆಯ ಹೊರತು ಒಳಗೆ ಬರಬಾರದು. ಇಷ್ಟೊಂದು 'ಬಾರದು'ಗಳನ್ನು ಬರೆಸಿದವರು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಸಿದರು? ಬೆಳಗಿನ ಜಾವ ಬೂಟು ಹಾಕಿಕೊಂಡು ಸುತ್ತು ಹೊಡೆಯುವ ಹಿರಿಯರು ಮರ ಹತ್ತುವುದಿಲ್ಲ, ಚೆಂಡು ಒದೆಯುವುದಿಲ್ಲ. ಫಲಕದಲ್ಲಿರುವ ಪ್ರತಿಯೊಂದು ನಿಷೇಧವೂ ಮಕ್ಕಳ ಮೇಲೆ ಹೊರಟ ಆಜ್ಞೆ.

ದೇಶದಲ್ಲಿ ನಿರುದ್ಯೋಗ, ಬೆಲೆಯೇರಿಕೆಗಳಂಥ ಪ್ರಶ್ನೆಗಳಿರುವಾಗ ಮಕ್ಕಳಾಟದ ಮಾತೇಕೆ ಎಂದು ನಗುವವರುಂಟು. ಅವರು ಒಂದು ಸಂಗತಿಯನ್ನು ಗಮನಿಸಲಿ. ಮನೆಯ ಸುತ್ತ ಕಾಂಪೌಂಡು ಉಳ್ಳವನ ಮಗು ಪಾರ್ಕು ಮುಚ್ಚಿದರೂ ಆಡುತ್ತದೆ. ದುಡ್ಡುಳ್ಳವನ ಮಗ ಗಂಟೆಗೆ ಇಷ್ಟೆಂದು ಬಾಡಿಗೆ ಕೊಟ್ಟು, ಹಸಿರು ಚಾಪೆ ಹಾಸಿದ ಖಾಸಗಿ ಅಂಕಣದಲ್ಲಿ ಆಡುತ್ತಾನೆ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಐದು ಜನ ಮಲಗುವ ಕಡೆ ಹುಟ್ಟಿದ ಮಗು ಎಲ್ಲಿಗೆ ಹೋಗಬೇಕು? ಅದಕ್ಕೆ ಪಾರ್ಕೇ ಅಂಗಳ, ಪಾರ್ಕೇ ಹಿತ್ತಲು. ಪಾರ್ಕಿಗೆ ಬೀಗ ಬಿದ್ದರೆ ಉಳಿಯುವುದು ಲಾರಿ ಬಸ್ಸುಗಳು ಓಡಾಡುವ ರಸ್ತೆ. ಆದ್ದರಿಂದ ಇದು ಕೇವಲ ಆಟದ ವಿಚಾರವಲ್ಲ, ಊರಿನ ನೆಲ ಯಾರ ಪಾಲಿಗೆ ಎಷ್ಟು ಎಂಬ ಹಂಚಿಕೆಯ ವಿಚಾರ.

ಪಾರ್ಕು ನಮ್ಮ ತಲೆಮಾರಿನವರಿಗೆ ಏನನ್ನು ಕೊಟ್ಟಿತು ಎಂಬುದನ್ನು ಹೇಳದೆ ಈ ಮಾತು ಮುಂದೆ ಸಾಗದು. ನಾವು ಆಡಿ ಬೆಳೆದ ಪಾರ್ಕಿನಲ್ಲಿ ನೋಡತಕ್ಕ ಚೆಲುವೇನೂ ಇರಲಿಲ್ಲ. ನಾಲ್ಕಾರು ಹೊಂಗೆ ಮರ, ಒಂದು ನೇರಳೆ ಮರ, ಕಾಲು ಮುರಿದ ಕಲ್ಲುಬೆಂಚು, ಮೂಲೆಯಲ್ಲಿ ಒಂದು ನಲ್ಲಿ, ಉಳಿದದ್ದೆಲ್ಲ ಕೆಮ್ಮಣ್ಣು. ಬೇಲಿ ಇದ್ದ ಗುರುತಿತ್ತು, ಬೇಲಿ ಇರಲಿಲ್ಲ. ಶಾಲೆ ಬಿಟ್ಟ ಕೂಡಲೇ ಸುತ್ತಲ ನಾಲ್ಕು ಬೀದಿಗಳ ಮಕ್ಕಳು ಅಲ್ಲಿ ಸೇರುತ್ತಿದ್ದರು. ದೇವಸ್ಥಾನದ ಬೀದಿಯವರು ಬರುತ್ತಿದ್ದರು, ಮೊಹಲ್ಲಾದವರು ಬರುತ್ತಿದ್ದರು, ಇಳಿಜಾರಿನ ಕೆಳಗಿದ್ದ ಕೇರಿಯವರೂ ಬರುತ್ತಿದ್ದರು. ಲಗೋರಿ, ಚಿನ್ನಿದಾಂಡು, ಬುಗುರಿ, ಮರಕೋತಿ, ಕಬಡ್ಡಿ: ಕಾಸು ಖರ್ಚಿಲ್ಲದ ಆಟಗಳು. ಏಳು ಚಪ್ಪಟೆ ಕಲ್ಲು ಮತ್ತು ಬಟ್ಟೆ ಸುತ್ತಿ ಮಾಡಿದ ಒಂದು ಚೆಂಡಿದ್ದರೆ ಲಗೋರಿಗೆ ಸಾಕು.

ಗುಂಪು ಕಟ್ಟುವ ನಮ್ಮ ಪದ್ಧತಿ ಈಗ ಯೋಚಿಸಿದರೆ ಬಹಳ ಅರ್ಥವುಳ್ಳದ್ದಾಗಿ ಕಾಣುತ್ತದೆ. ಇಬ್ಬರು ನಾಯಕರು ಒಂದು ಕಡೆ ನಿಲ್ಲುವರು. ಉಳಿದವರು ಇಬ್ಬಿಬ್ಬರಾಗಿ ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ ಗುಟ್ಟಾಗಿ ಹೆಸರಿಟ್ಟುಕೊಂಡು ಬರುವರು. ಒಬ್ಬ ಸೂರ್ಯ, ಒಬ್ಬ ಚಂದ್ರ. ಒಬ್ಬ ಮಾವು, ಒಬ್ಬ ಹಲಸು. 'ಮಾವು ಬೇಕೋ, ಹಲಸು ಬೇಕೋ?' ಎಂದು ಕೇಳಿದರೆ ನಾಯಕನು ಒಂದನ್ನು ಆರಿಸಬೇಕು. ಮಾವಿನ ಹಿಂದೆ ಅಡಗಿದವನು ವಕೀಲರ ಮಗನೋ, ಜಾಡಮಾಲಿಯ ಮಗನೋ ಅವನಿಗೆ ತಿಳಿಯದು. ಅಪ್ಪನ ಹೆಸರು, ಬೀದಿಯ ಹೆಸರು, ಜಾತಿಯ ಹೆಸರು ಎಲ್ಲವನ್ನೂ ಆ ಎರಡು ಹಣ್ಣುಗಳು ಮುಚ್ಚಿಬಿಡುತ್ತಿದ್ದವು. ಬಂದವನು ಬಂದ ಗುಂಪಿಗೆ ಸೇರಿದ. ಗೆದ್ದರೆ ಎಲ್ಲರೂ ಗೆದ್ದರು.

ಇನ್ನು ಮೂಲೆಯ ನಲ್ಲಿ. ಆಡಿ ಬಾಯಾರಿದಾಗ ಎಲ್ಲರೂ ಅದೇ ನಲ್ಲಿಗೆ ಬೊಗಸೆಯೊಡ್ಡಿ ನೀರು ಕುಡಿಯುತ್ತಿದ್ದೆವು. ನಮ್ಮಲ್ಲಿ ಹಲವರ ಮನೆಗಳಿಗೆ ಅದೇ ಕೇರಿಯ ಹುಡುಗ ಬಂದಿದ್ದರೆ ಅವನಿಗೆ ಲೋಟ ಬೇರೆ, ನಿಲ್ಲುವ ಜಾಗ ಬೇರೆ, ನೀರು ಹೊಯ್ಯುವ ಎತ್ತರವೂ ಬೇರೆ ಆಗಿರುತ್ತಿತ್ತು. ಮನೆಯಲ್ಲಿ ಕಲಿಸದ, ಶಾಲೆಯ ಪುಸ್ತಕವು ಬಾಯಿಮಾತಿಗೆ ಹೇಳಿದ ಸಮಾನತೆಯನ್ನು ಆ ನಲ್ಲಿಯು ದಿನವೂ ನಮ್ಮ ಬೊಗಸೆಗೆ ಸುರಿಯುತ್ತಿತ್ತು.

ಆ ಪಾರ್ಕು ಸ್ವರ್ಗವಾಗಿತ್ತೆಂದು ಹೇಳುವುದು ಸುಳ್ಳಾದೀತು. ಸಂಜೆ ದೀಪ ಹತ್ತಿದೊಡನೆ ಪ್ರತಿಯೊಬ್ಬನೂ ತನ್ನ ತನ್ನ ಬೀದಿಗೆ, ಆ ಬೀದಿಯ ಕಟ್ಟಳೆಗೆ ಮರಳುತ್ತಿದ್ದ. ಹೆಣ್ಣುಮಕ್ಕಳು ಕುಂಟೆಬಿಲ್ಲೆಗೆ ಬರುತ್ತಿದ್ದರು, ಕೆಲವರು ಸೊಂಟದ ಮೇಲೆ ತಮ್ಮನನ್ನೋ ತಂಗಿಯನ್ನೋ ಹೊತ್ತುಕೊಂಡೇ ಕುಂಟುತ್ತಿದ್ದರು. ಹನ್ನೆರಡು ತುಂಬುತ್ತಲೇ ಒಬ್ಬೊಬ್ಬರಾಗಿ ಕಾಣದಾದರು. ಅವರನ್ನು ಯಾರೂ ಕೇಳಲಿಲ್ಲ. ಆದರೂ ದಿನಕ್ಕೆ ಎರಡು ಗಂಟೆಯಷ್ಟು ಕಾಲ ಆ ಕೆಮ್ಮಣ್ಣಿನ ತುಂಡಿನ ಮೇಲೆ ನಮ್ಮ ಸಮಾಜ ಈಗಿರುವುದಕ್ಕಿಂತ ಬೇರೆ ರೀತಿಯೂ ಇರಬಹುದು ಎಂಬುದನ್ನು ಕಣ್ಣಾರೆ ಕಂಡೆವು. ಇದು ಸಣ್ಣ ಲಾಭವಲ್ಲ.

ಈ ಲಾಭ ಯಾರ ಕೃಪೆಯಿಂದಲೂ ಬಂದದ್ದಲ್ಲ. ನಮ್ಮ ಸಂವಿಧಾನದ 15ನೆಯ ಅನುಚ್ಛೇದದ ಎರಡನೆಯ ಖಂಡವನ್ನು ಓದಿ. ಸರ್ಕಾರದ ಹಣದಿಂದ ನಡೆಯುವ ಅಥವಾ ಸಾರ್ವಜನಿಕರಿಗೆಂದು ಮೀಸಲಾದ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಹಾಗೂ ಜನ ಸೇರುವ ಸ್ಥಳಗಳ ಬಳಕೆಗೆ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣದಿಂದ ಯಾರಿಗೂ ಅಡ್ಡಿ ಮಾಡಕೂಡದೆಂದು ಅದು ವಿಧಿಸುತ್ತದೆ. ಆ ಸಾಲಿನ ಹಿಂದೆ ಹೋರಾಟವಿದೆ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ಮಹಾಡದ ಚವದಾರ್ ಕೆರೆಗೆ ನಡೆದು ನೀರು ಕುಡಿದರು. ಆ ಕೆರೆ ಎಲ್ಲರಿಗೂ ಮುಕ್ತವೆಂದು ಊರಿನ ಪುರಸಭೆಯೇ ಅದಕ್ಕೆ ಮೊದಲು ಠರಾವು ಮಾಡಿತ್ತು. ಠರಾವು ಕಡತದಲ್ಲಿತ್ತು, ನೀರು ಕೆರೆಯಲ್ಲಿತ್ತು. ಎರಡನ್ನೂ ಕೂಡಿಸಲು ಜನ ನಡೆಯಬೇಕಾಯಿತು. ಸಾರ್ವಜನಿಕ ಸ್ಥಳದ ಮೇಲಿನ ಹಕ್ಕು ಕಾಗದದಿಂದ ತಾನಾಗಿ ಇಳಿದು ಬರುವುದಿಲ್ಲ ಎಂಬುದೇ ಅದರ ಪಾಠ.

ಪಾರ್ಕಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಉದ್ಯಾನಗಳು ಹಿಂದೆಯೂ ಇದ್ದವು. ಬೆಂಗಳೂರಿನ ಲಾಲ್‌ಬಾಗ್ 1760ರಲ್ಲಿ ಹೈದರ್ ಅಲಿಯ ತೋಟವಾಗಿ ಆರಂಭವಾಯಿತು. ಕಬ್ಬನ್ ಪಾರ್ಕು ರೂಪುಗೊಂಡದ್ದು 1870ರಲ್ಲಿ. ಅರಸನ ತೋಟ ಜನರ ತೋಟವಾದದ್ದು ಕಾಲದ ನಡೆಯಿಂದ. ಇಂಗ್ಲೆಂಡಿನ ಬರ್ಕೆನ್‌ಹೆಡ್ ಪಟ್ಟಣದಲ್ಲಿ ಸಾರ್ವಜನಿಕ ಹಣದಿಂದ ನಿರ್ಮಿಸಿದ ಪಾರ್ಕು 1847ರಲ್ಲಿ ಜನರಿಗೆ ತೆರೆಯಿತು. ಹೊಗೆ ತುಂಬಿದ ಕೈಗಾರಿಕಾ ಪಟ್ಟಣಗಳಲ್ಲಿ ಉಸಿರುಗಟ್ಟಿ ಬದುಕುತ್ತಿದ್ದ ಕೂಲಿಕಾರರಿಗೂ ಗಾಳಿ ಬೆಳಕು ಬೇಕೆಂಬ ಮಾತು ಎದ್ದ ಕಾಲ ಅದು. ತೋಟವಿಲ್ಲದವನಿಗಾಗಿ ಊರು ಒಟ್ಟಾಗಿ ಇಟ್ಟುಕೊಂಡ ತೋಟವೇ ಪಾರ್ಕು.

ಅಂಥ ನೆಲವನ್ನು ಕಬಳಿಸಲು ಹೊಂಚುವವರಿಗೆ ಯಾವ ಕಾಲದಲ್ಲಿಯೂ ಕೊರತೆಯಿಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಕಾದಿರಿಸಿದ ನಿವೇಶನವನ್ನು ಮೇಲಿನ ಅಪ್ಪಣೆಯಂತೆ ಖಾಸಗಿ ನರ್ಸಿಂಗ್ ಹೋಮಿಗೆ ಕೊಡಲಾಯಿತು. ಬಡಾವಣೆಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂಬ ಆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ತೀರ್ಪಿತ್ತು, ಆ ಹಂಚಿಕೆ ಅಕ್ರಮವೆಂದು ಸಾರಿತು. ಪಾರ್ಕಿನ ಜಾಗ ಬೇಡಿದವರಿಗೆಲ್ಲ ದಾನ ಮಾಡಲು ಆಳುವವರ ಪಿತ್ರಾರ್ಜಿತವಲ್ಲ ಎಂಬುದು ಅಂದಿನಿಂದ ಇಡೀ ದೇಶಕ್ಕೆ ಗೊತ್ತಾದ ನ್ಯಾಯ. ಆದರೆ ಜಿಲ್ಲಾ ಪಟ್ಟಣಗಳ ಸಣ್ಣ ಬಡಾವಣೆಗಳಲ್ಲಿ ದಾವೆ ಹೂಡುವ ಶಕ್ತಿ ಎಷ್ಟು ಮಂದಿಗಿದೆ? ಇಲ್ಲಿ ಪಾರ್ಕು ಒಂದೇ ಏಟಿಗೆ ಹೋಗುವುದಿಲ್ಲ. ಮೊದಲು ಒಂದು ನೀರಿನ ಟ್ಯಾಂಕು, ಆಮೇಲೆ ಒಂದು ಸಮುದಾಯ ಭವನ, ಆಮೇಲೆ ಒಂದು ಗುಡಿ, ಪಕ್ಕದಲ್ಲಿ ಯಾರದೋ ಕಾರು ನಿಲ್ಲಿಸುವ ಜಾಗ. ಹೀಗೆ ನಾಲ್ಕೂ ಮೂಲೆಗಳಿಂದ ನೆಲ ಕರಗುತ್ತದೆ.

ಕಾನೂನಿಲ್ಲವೆಂದು ಪುರಪಿತೃಗಳು ಹೇಳುವಂತಿಲ್ಲ. ಪಾರ್ಕು, ಆಟದ ಬಯಲು, ತೆರೆದ ಜಾಗಗಳ ರಕ್ಷಣೆಗೆಂದು ಕರ್ನಾಟಕದಲ್ಲಿ 1985ರ ಕಾಯಿದೆ ಇದೆ. ಇಂಥ ಜಾಗಗಳ ಪಟ್ಟಿಯನ್ನು ಸ್ಥಳೀಯ ಸಂಸ್ಥೆಗಳು ತಯಾರಿಸಬೇಕೆಂದು ಅದು ಹೇಳುತ್ತದೆ. 74ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ಪಾರ್ಕು, ತೋಟ, ಆಟದ ಬಯಲುಗಳು ಪೌರಸಂಸ್ಥೆಗಳ ಕೆಲಸವೆಂದು ನಮೂದಾಗಿವೆ. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಗೆ ಆಟದ ಬಯಲಿರಬೇಕೆಂದು ವಿಧಿಸುತ್ತದೆ. ಮಗುವಿಗೆ ಆಟ ಮತ್ತು ವಿರಾಮದ ಹಕ್ಕಿದೆ ಎಂದು ಸಾರುವ 1989ರ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1992ರಲ್ಲಿ ಒಪ್ಪಿಗೆಯಿತ್ತಿದೆ. ಹೀಗೆ ಹಕ್ಕಿನ ಮೇಲೆ ಹಕ್ಕು ಪೇರಿಸಿಟ್ಟಿದ್ದೇವೆ; ಮಗು ಮಾತ್ರ ಗೇಟಿನ ಹೊರಗೆ ನಿಂತಿದೆ.

ಹಿರಿಯರ ಆಕ್ಷೇಪಣೆಗಳನ್ನು ತಳ್ಳಿಹಾಕುವುದು ನ್ಯಾಯವಲ್ಲ. ಚೆಂಡು ತಗಲಿ ವೃದ್ಧರು ಬಿದ್ದಾರು ಎನ್ನುತ್ತಾರೆ, ನಿಜ. ಸಕ್ಕರೆ ಕಾಯಿಲೆಯವರಿಗೆ ನಡಿಗೆ ಬೇಕು ಎನ್ನುತ್ತಾರೆ, ಅದೂ ನಿಜ. ಹಾಗಾದರೆ ಬೆಳಗಿನ ಹೊತ್ತು ಅವರದಾಗಲಿ, ಸಂಜೆಯ ಹೊತ್ತು ಮಕ್ಕಳದಾಗಲಿ. ಅಂಚಿನ ದಾರಿ ಅವರದಾಗಲಿ, ನಡುವಿನ ಬಯಲು ಮಕ್ಕಳದಾಗಲಿ. ಹುಲ್ಲು ಸವೆಯುತ್ತದೆಂಬುದು ಮಾತ್ರ ಒಪ್ಪತಕ್ಕ ಮಾತಲ್ಲ. ಹುಲ್ಲುಹಾಸಿಗೆ ಗುತ್ತಿಗೆ ಉಂಟು, ಅಲಂಕಾರದ ಗಿಡಕ್ಕೆ ಗುತ್ತಿಗೆ ಉಂಟು, ಬಣ್ಣದ ಕಾರಂಜಿಗೆ ಗುತ್ತಿಗೆ ಉಂಟು. ಬರಿಯ ಮಣ್ಣಿನ ಬಯಲಿಗೆ ಗುತ್ತಿಗೆ ಇಲ್ಲ, ಬಿಲ್ಲು ಇಲ್ಲ. ಬಯಲು ಯಾರಿಗೂ ಬೇಡವಾದುದರ ಗುಟ್ಟು ಇದೇ ಇರಬಾರದೇಕೆ?

ವೇಳೆಯ ನಿಯಮವನ್ನು ಬದಲಿಸುವುದು ಅಸಾಧ್ಯವೂ ಅಲ್ಲ. ಬೆಂಗಳೂರಿನ ಪಾರ್ಕುಗಳಿಗೆ ನಡುಹಗಲಲ್ಲಿ ಗಂಟೆಗಟ್ಟಲೆ ಬೀಗ ಹಾಕುವ ಪದ್ಧತಿಯಿತ್ತು. ಅಂದಿನ ಮಹಾನಗರ ಪಾಲಿಕೆ 2024ರ ಜೂನ್ ತಿಂಗಳಲ್ಲಿ ಅವುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಆದೇಶಿಸಿತು. ಒಂದು ಆದೇಶದಿಂದ ಅಲ್ಲಿ ಆದದ್ದು ನಮ್ಮ ಊರುಗಳಲ್ಲಿ ಏಕೆ ಆಗಬಾರದು? ಮಕ್ಕಳು ಸದಾ ಮೊಬೈಲು ಹಿಡಿದು ಕೂರುತ್ತಾರೆಂದು ಸಭೆಗಳಲ್ಲಿ ಮರುಗುವ ಮುಖಂಡರು, ಆ ಮೊಬೈಲನ್ನು ಕೆಳಗಿಟ್ಟ ಮಗು ಓಡಿಹೋಗಲು ಯಾವ ಜಾಗ ಉಳಿಸಿದ್ದಾರೆಂಬುದನ್ನು ಅದೇ ಸಭೆಯಲ್ಲಿ ಹೇಳಲಿ.

ನಮ್ಮ ಬೇಡಿಕೆಗಳು ಸರಳ. ಪ್ರತಿಯೊಂದು ಪೌರಸಂಸ್ಥೆಯೂ ತನ್ನ ವ್ಯಾಪ್ತಿಯ ಪಾರ್ಕು ಮತ್ತು ಬಯಲುಗಳ ಪಟ್ಟಿಯನ್ನು, ಅಳತೆ ಗಡಿಗಳ ಸಮೇತ, ಕನ್ನಡದಲ್ಲಿ ಬರೆಸಿ ಕಚೇರಿಯ ಗೋಡೆಗೆ ಹಚ್ಚಲಿ. ಒತ್ತುವರಿಯಾದ ಜಾಗ ತೆರವಾಗಲಿ. ಪ್ರತಿ ಪಾರ್ಕಿನಲ್ಲಿಯೂ ಆಟಕ್ಕೆ ಮಣ್ಣಿನ ಬಯಲು, ಕುಡಿಯಲು ನಲ್ಲಿ, ಹೆಣ್ಣುಮಕ್ಕಳು ನಿರ್ಭಯವಾಗಿ ಆಡುವಷ್ಟು ದೀಪ ಮತ್ತು ಒಂದು ಶೌಚಾಲಯ ಇರಲಿ. ರಜಾದಿನಗಳಲ್ಲಿ ಸರ್ಕಾರಿ ಶಾಲೆಗಳ ಬಯಲಿನ ಬೀಗ ತೆಗೆಯಲಿ. ಕೊಳೆಗೇರಿಯ ಪಕ್ಕದಲ್ಲಿ ಪಾರ್ಕಿಲ್ಲದಿದ್ದರೆ ಹೊಸ ಪಾರ್ಕಿನ ಹಣ ಮೊದಲು ಅಲ್ಲಿಗೆ ಹೋಗಲಿ.

1951ರಲ್ಲಿ ಕಾಗೋಡಿನ ಗೇಣಿದಾರರು ಉಳುವವನಿಗೆ ನೆಲವೆಂದು ಎದ್ದಾಗ ಅದನ್ನು ಹುಚ್ಚು ಮಾತೆಂದವರಿದ್ದರು. 1974ರಲ್ಲಿ ಅದೇ ಮಾತು ರಾಜ್ಯದ ಕಾನೂನಾಯಿತು. ಆಡುವವರಿಗೆ ಬಯಲೆಂಬುದು ಅದೇ ನ್ಯಾಯದ ಇನ್ನೊಂದು ಸಾಲು. ಗೇಣಿದಾರನಿಗೆ ಮತವಾದರೂ ಇತ್ತು. ಮಕ್ಕಳಿಗೆ ಅದೂ ಇಲ್ಲ. ಆದಕಾರಣ ಮುಂದಿನ ಸಲ ಮತ ಕೇಳಲು ಮನೆಬಾಗಿಲಿಗೆ ಬರುವವರನ್ನು ಅವರ ಪರವಾಗಿ ನಾವೇ ಕೇಳಬೇಕು: ಈ ವಾರ್ಡಿನ ಪಾರ್ಕು ಎಲ್ಲಿದೆ, ಎಷ್ಟಿದೆ, ಅದರ ಬೀಗದ ಕೈ ಯಾರ ಬಳಿ ಇದೆ?