ಮೇಲ್‌ಗಳ ಒಂದು ಪ್ರತಿ ಮನೆಯಲ್ಲೂ ಇರಲಿ

ಹೊರನಾಡಿನಲ್ಲಿ ಬದುಕುವವರಿಗೆ ಕಾಗದಪತ್ರಗಳ ಕಾಟ ತುಸು ಹೆಚ್ಚು. ಊರಿನ ಜಮೀನಿನ ಪಹಣಿ, ಅಪ್ಪನ ಆಸ್ಪತ್ರೆಯ ವರದಿ, ಇಲ್ಲಿನ ಫ್ಲ್ಯಾಟಿನ ಕರಾರು, ಹಳೆಯ ಕಂಪನಿಯ ಪಿ.ಎಫ್. ವಿವರ, ಮಗಳ ಶಾಲೆಯ ವರ್ಗಾವಣೆ ಪತ್ರ ಎಲ್ಲವೂ ಎರಡು ರಾಜ್ಯಗಳ ನಡುವೆ ಓಡಾಡುತ್ತಲೇ ಇರುತ್ತವೆ. ಹಿಂದೆ ಇವು ಮಂಚದಡಿಯ ಟ್ರಂಕಿನಲ್ಲಿರುತ್ತಿದ್ದವು, ಈಗ ಮೇಲ್‌ನಲ್ಲಿವೆ. ಠಾಣೆಯಿಂದ ಕಲ್ಯಾಣದವರೆಗೆ ನಮ್ಮವರ ಯಾವ ಮನೆಯಲ್ಲಾದರೂ ‘ಆ ಕಾಗದ ಎಲ್ಲಿದೆ’ ಎಂದು ಕೇಳಿ, ‘ಮೇಲ್‌ನಲ್ಲಿ ಹುಡುಕಬೇಕು’ ಎನ್ನುತ್ತಾರೆ. ಆ ಮೇಲ್ ಎಲ್ಲಿದೆ ಎಂದು ಮಾತ್ರ ಯಾರೂ ಕೇಳಿಕೊಳ್ಳುವುದಿಲ್ಲ.

ಅದಿರುವುದು ಬೇರೊಬ್ಬರ ಕಂಪ್ಯೂಟರಿನಲ್ಲಿ. ಬ್ರೌಸರ್ ಎಂಬ ಕಿಟಕಿಯಿಂದ ನಾವು ಇಣುಕಿ ನೋಡುತ್ತೇವೆ, ಅಷ್ಟೆ. ಕಿಟಕಿ ಮುಚ್ಚಿದರೆ ಹತ್ತು ವರ್ಷದ ಬದುಕು ಒಳಗೇ ಉಳಿಯುತ್ತದೆ. ಅದಕ್ಕಾಗಿ ನನ್ನ ಅಭಿಪ್ರಾಯ ಇಷ್ಟೇ: ಪ್ರತಿ ಮನೆಯೂ, ಅದಕ್ಕಿಂತ ಮುಖ್ಯವಾಗಿ ಪ್ರತಿ ಕನ್ನಡ ಸಂಘವೂ, ತನ್ನ ವೆಬ್‌ಮೇಲ್ ಖಾತೆಯನ್ನು ಥಂಡರ್‌ಬರ್ಡ್‌ನಂಥ ಒಂದು ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಜೋಡಿಸಿ, ಒಂದು ಪ್ರತಿಯನ್ನು ತನ್ನ ಬಳಿಯೇ ಇಟ್ಟುಕೊಳ್ಳಬೇಕು.

ನನಗೆ ಗೊತ್ತಿರುವ ಒಂದು ಸಂಘದಲ್ಲಿ ನಡೆದದ್ದು ಹೇಳುತ್ತೇನೆ. ಸಂಘದ ಮೇಲ್ ಖಾತೆ ಹಿಂದಿನ ಕಾರ್ಯದರ್ಶಿಯವರ ಮೊಬೈಲಿಗೆ ಅಂಟಿಕೊಂಡಿತ್ತು. ಅವರು ನಿವೃತ್ತರಾಗಿ ಊರಿಗೆ ಹೋದರು, ಅಲ್ಲಿ ಬೇರೆ ಸಿಮ್ ಹಾಕಿಕೊಂಡರು. ರಾಜ್ಯೋತ್ಸವಕ್ಕೆ ದಾನಿಗಳ ಪಟ್ಟಿ ಬೇಕೆಂದಾಗ ಖಾತೆ ‘ನಿಮ್ಮ ಮೊಬೈಲಿಗೆ ಬಂದ ಸಂಖ್ಯೆ ಕೊಡಿ’ ಎಂದಿತು. ಆ ಮೊಬೈಲ್ ಸಂಖ್ಯೆಯೇ ಇರಲಿಲ್ಲ. ಕೊನೆಗೆ ಕೈಹಿಡಿದದ್ದು ಖಜಾಂಚಿಯವರ ಮನೆಯ ಹಳೆಯ ಡೆಸ್ಕ್‌ಟಾಪ್. ಎಂದೋ ಅದರಲ್ಲಿ ಮೇಲ್ ಜೋಡಿಸಿದ್ದರಿಂದ ಬಹುಪಾಲು ಪತ್ರಗಳು ಅಲ್ಲಿ ಉಳಿದಿದ್ದವು. ಮುಂಬಯಿಯ ಮೈಸೂರು ಅಸೋಸಿಯೇಶನ್ ಹುಟ್ಟಿದ್ದು 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ. ಆ ಕಾಲದ ವ್ಯವಹಾರವೆಲ್ಲ ಕಾಗದದ ಮೇಲೆ, ಕಪಾಟಿನ ಬೀಗದ ಕೈ ಒಬ್ಬರಿಂದ ಒಬ್ಬರಿಗೆ. ಇಂದಿನ ಕಪಾಟಿಗೆ ಒಟಿಪಿಯೇ ಬೀಗದ ಕೈ.

ವಲಸಿಗರಿಗೆ ಈ ಅಪಾಯ ಹೆಚ್ಚು. ಸಂಖ್ಯೆ ಬದಲಿಸದೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸೌಲಭ್ಯ 2015ರ ಜುಲೈಯಿಂದ ಇದೆ. ಆದರೂ ಇಲ್ಲಿಗೆ ಬಂದು ಹೊಸ ಸಿಮ್ ಕೊಂಡು, ಊರಿನದನ್ನು ಡ್ರಾಯರಿನಲ್ಲಿ ಮರೆತವರು ಬೇಕಾದಷ್ಟು ಮಂದಿ. 90 ದಿನ ಬಳಸದ ಪ್ರಿಪೇಯ್ಡ್ ಸಂಖ್ಯೆ ರದ್ದಾಗಿ ಇನ್ನೊಬ್ಬರ ಪಾಲಾಗಬಹುದು. ಎರಡು ವರ್ಷ ಮುಟ್ಟದ ವೈಯಕ್ತಿಕ ಖಾತೆಗಳನ್ನು ಅಳಿಸುವ ಕೆಲಸವನ್ನು ಗೂಗಲ್ 2023ರ ಡಿಸೆಂಬರಿನಲ್ಲಿ ಶುರುಮಾಡಿದೆ. ಉಚಿತವಾಗಿ ಸಿಗುವ 15 ಜಿಬಿ ಜಾಗದಲ್ಲಿ ಮೇಲ್ ಜೊತೆಗೆ ಡ್ರೈವ್, ಫೋಟೋಗಳಿಗೂ ಪಾಲು. ಅದು ತುಂಬಿದರೆ ಹೊಸ ಮೇಲ್ ಬರುವುದು ನಿಲ್ಲುತ್ತದೆ.

ಜೋಡಿಸುವುದು ಕಷ್ಟವಲ್ಲ. ಥಂಡರ್‌ಬರ್ಡ್ ಉಚಿತ. ಹೆಸರು, ಮೇಲ್ ವಿಳಾಸ ಕೊಟ್ಟರೆ ಹೆಚ್ಚಿನ ಸೇವೆಗಳ ಸರ್ವರ್ ವಿವರವನ್ನು ಅದೇ ಹುಡುಕಿಕೊಳ್ಳುತ್ತದೆ. ಹುಡುಕದಿದ್ದರೆ ಕೈಯಿಂದ ತುಂಬಬೇಕು: ಒಳಬರುವ ಮೇಲ್‌ಗೆ ಐಮ್ಯಾಪ್, ಪೋರ್ಟ್ 993, ಹೊರಹೋಗುವುದಕ್ಕೆ ಎಸ್‌ಎಂಟಿಪಿ, ಪೋರ್ಟ್ 465 ಅಥವಾ 587. ಪಾಪ್ ಎಂಬ ಇನ್ನೊಂದು ಬಗೆಯೂ ಇದೆ. ಅದು ಸಾಮಾನ್ಯವಾಗಿ ಇನ್‌ಬಾಕ್ಸ್ ಮಾತ್ರ ತರುತ್ತದೆ, ಫೋಲ್ಡರುಗಳನ್ನು ತರುವುದಿಲ್ಲ. ಆದ್ದರಿಂದ ಐಮ್ಯಾಪ್ ಆರಿಸಿ.

ಹಲವರು ಸೋಲುವುದು ಪಾಸ್‌ವರ್ಡ್ ಹಂತದಲ್ಲಿ. ಹಳೆಯ ತಂತ್ರಾಂಶಗಳಲ್ಲಿ ಜಿಮೇಲ್‌ನ ಮಾಮೂಲಿ ಪಾಸ್‌ವರ್ಡ್ ಹಾಕಿದರೆ ಈಗ ನಡೆಯುವುದಿಲ್ಲ, 2022ರ ಮೇ 30ರಿಂದ ಗೂಗಲ್ ಅದನ್ನು ನಿಲ್ಲಿಸತೊಡಗಿತು. ಹೊಸ ಥಂಡರ್‌ಬರ್ಡ್‌ನಲ್ಲಿ ಗೂಗಲ್‌ನದೇ ಲಾಗಿನ್ ಪುಟ ತೆರೆಯುತ್ತದೆ, ಅಲ್ಲಿ ಒಪ್ಪಿಗೆ ಕೊಟ್ಟರೆ ಸಾಕು. ಆ ಸೌಲಭ್ಯವಿಲ್ಲದ ತಂತ್ರಾಂಶವಾದರೆ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿ, 16 ಅಕ್ಷರಗಳ ‘ಆ್ಯಪ್ ಪಾಸ್‌ವರ್ಡ್’ ಪಡೆದು ಅದನ್ನು ಬಳಸಬೇಕು.

ಇಲ್ಲಿಗೆ ಮುಗಿಯಿತೆಂದು ಬಿಟ್ಟರೆ ಅರ್ಧ ಕೆಲಸವಷ್ಟೇ ಆದಂತೆ. ಐಮ್ಯಾಪ್ ಎಂಬುದು ಪೆಟ್ಟಿಗೆಯಲ್ಲ, ಕನ್ನಡಿ. ಅಲ್ಲಿ ಅಳಿದದ್ದು ಇಲ್ಲಿಯೂ ಅಳಿಯುತ್ತದೆ. ಹಾಗಾಗಿ ಉಳಿಯಬೇಕಾದ ಮೇಲ್‌ಗಳನ್ನು ತಂತ್ರಾಂಶದೊಳಗಿನ ‘ಲೋಕಲ್ ಫೋಲ್ಡರ್ಸ್’ಗೆ ನಕಲು ಮಾಡಬೇಕು. ನಕಲು ಮಾಡಿ, ಎಳೆದು ಹಾಕಬೇಡಿ. ಎಳೆದು ಹಾಕಿದರೆ ಸರ್ವರಿನಿಂದ ಹೋಗುತ್ತದೆ. ಆಮೇಲೆ ಅದರದೇ ಒಂದು ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿಗೂ ಹಾಕಿಡಿ. ವರ್ಷಕ್ಕೊಮ್ಮೆ, ದೀಪಾವಳಿ ರಜೆಯಲ್ಲಿ ಮಾಡಿದರೂ ಸಾಕು.

‘ಮೊಬೈಲಿನಲ್ಲೇ ಎಲ್ಲ ಇದೆಯಲ್ಲ’ ಎನ್ನುವವರಿದ್ದಾರೆ. ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್ ಹತ್ತುವವರಿಗೆ ಮೊಬೈಲ್ ಎಷ್ಟು ಸುಲಭವಾಗಿ ಕೈತಪ್ಪುತ್ತದೆಂದು ನಾನು ಹೇಳಬೇಕಿಲ್ಲ. ಮೊಬೈಲ್ ಆ್ಯಪ್ ಸಾಮಾನ್ಯವಾಗಿ ಇತ್ತೀಚಿನ ಮೇಲ್‌ಗಳನ್ನಷ್ಟೇ ಇಟ್ಟುಕೊಳ್ಳುತ್ತದೆ, ಹಳೆಯದಕ್ಕೆ ಮತ್ತೆ ಸರ್ವರನ್ನೇ ಕೇಳುತ್ತದೆ. ‘ಮನೆಯ ಕಂಪ್ಯೂಟರ್ ಕಳವಾದರೆ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಡಿಸ್ಕಿಗೆ ಗೂಢಲಿಪಿ ರಕ್ಷಣೆ ಹಾಕಿ, ಥಂಡರ್‌ಬರ್ಡ್‌ನಲ್ಲಿ ಉಳಿದ ಪಾಸ್‌ವರ್ಡ್‌ಗಳಿಗೆ ಒಂದು ಮುಖ್ಯ ಪಾಸ್‌ವರ್ಡ್ ಇಡಿ. ಐರೋಲಿ, ಮಹಾಪೆಯ ಐಟಿ ಮಿತ್ರರಿಗೆ ಇನ್ನೊಂದು ಮಾತು: ಕಂಪನಿಯ ಲ್ಯಾಪ್‌ಟಾಪಿನಲ್ಲಿ ಮನೆಯ ಮೇಲ್ ಜೋಡಿಸಬೇಡಿ. ಕೆಲಸ ಬಿಡುವ ದಿನ ಲ್ಯಾಪ್‌ಟಾಪ್ ಹಿಂದಿರುಗಿಸಲೇಬೇಕು.

ಕನ್ನಡದ ಕೆಲಸವೂ ಇದರಲ್ಲಿ ಸೇರಿದೆ. ಸಂಘಗಳ ಹಳೆಯ ಆಮಂತ್ರಣ, ವರದಿಗಳು ಹೆಚ್ಚಾಗಿ ನುಡಿ, ಬರಹದ ಹಳೆಯ ಫಾಂಟುಗಳಲ್ಲಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಾಗದ ಇಂಗ್ಲಿಷ್ ಅಕ್ಷರಗಳು. ಪ್ರತಿ ಕೈಗೆ ಬಂದಾಗಲೇ ಯುನಿಕೋಡ್‌ಗೆ ಬದಲಾಯಿಸಿಟ್ಟರೆ ಮುಂದಿನವರು ಕನ್ನಡದಲ್ಲೇ ಹುಡುಕಬಹುದು.

ಈ ಸಲ ರಾಜ್ಯೋತ್ಸವದ ಪೂರ್ವಭಾವಿ ಸಭೆಯಲ್ಲಿ ಪೆಂಡಾಲು, ಊಟ, ಅತಿಥಿಗಳ ಚರ್ಚೆ ಮುಗಿದ ಮೇಲೆ ಎರಡು ಪ್ರಶ್ನೆ ಕೇಳಿ: ನಮ್ಮ ಸಂಘದ ಮೇಲ್ ಯಾರ ಮೊಬೈಲಿಗೆ ಜೋಡಣೆಯಾಗಿದೆ? ಅದರ ಇನ್ನೊಂದು ಪ್ರತಿ ಎಲ್ಲಿದೆ? ಉತ್ತರ ಬರದಿದ್ದರೆ ಸಭೆ ಮುಗಿಸುವ ಮುನ್ನವೇ ಒಬ್ಬರಿಗೆ ಆ ಕೆಲಸ ವಹಿಸಿ, ನಡಾವಳಿಯಲ್ಲಿ ಬರೆಸಿಬಿಡಿ.