ಕರೆಂಟು ಬಂದ ಮೇಲೆ

ಕಳೆದ ಬೇಸಿಗೆಯ ಕೊನೆಯಲ್ಲಿ ರಾಯದುರ್ಗದ ನಮ್ಮ ಮನೆಯಲ್ಲಿ ನಡೆದ ಸಂಗತಿಯಿದು. ಸಂಜೆಯ ಗಾಳಿಮಳೆಗೆ ಹೋದ ಕರೆಂಟು ರಾತ್ರಿ ಹತ್ತರ ಸುಮಾರಿಗೆ ಬಂದಿತು. ದೀಪ ಹತ್ತಿತು, ಫ್ಯಾನು ತಿರುಗಿತು, ಇಂಟರ್ನೆಟ್ ಮಾತ್ರ ಬರಲಿಲ್ಲ. ತಮ್ಮನ ಮಗಳು ಎಂ.ಎ. ಪ್ರವೇಶಕ್ಕೆ ಅರ್ಜಿ ಸಲ್ಲಿಸಲು ಮರುದಿನವೇ ಕೊನೆಯ ದಿನ. ಮೊಬೈಲಿನ ಸಿಗ್ನಲ್ಲೂ ಕ್ಷೀಣವಾಗಿತ್ತು. ಅವಸರದಲ್ಲಿ ನಾನು ರೂಟರಿನ ಹಿಂಬದಿಯ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಿ ಒತ್ತಿಹಿಡಿದೆ. ಅದರ ಪಕ್ಕದಲ್ಲಿ ‘ರೀಸೆಟ್’ ಎಂದು ಬರೆದಿತ್ತು. ‘ಮತ್ತೆ ಆರಂಭಿಸು’ ಎಂಬ ಅರ್ಥವಿರಬೇಕೆಂದು ತಿಳಿದೆ. ಅದರ ನಿಜವಾದ ಅರ್ಥ ‘ಎಲ್ಲವನ್ನೂ ಮರೆತುಬಿಡು’ ಎಂದು!

ಸಂಪರ್ಕಕ್ಕೆ ಬೇಕಾದ ಬಳಕೆದಾರನ ಹೆಸರು, ಗುಪ್ತಪದ ಎಲ್ಲವೂ ಅಳಿಸಿಹೋದವು. ಅವನ್ನು ಮರಳಿ ತುಂಬಿಸಲು ಕೇಬಲ್ ಹುಡುಗ ಬಂದದ್ದು ಮೂರನೆಯ ದಿನ. ಮಗು ಬೆಳಿಗ್ಗೆಯಿಂದ ಬಜಾರಿನ ಅಂಗಡಿಯೊಂದರ ಮುಂದೆ ಸಾಲಿನಲ್ಲಿ ನಿಂತು, ಗಡುವು ಮುಗಿಯಲು ಒಂದು ಗಂಟೆ ಇರುವಾಗ ಅರ್ಜಿ ಸಲ್ಲಿಸಿದಳು. ರೂಟರಿಗೆ ಏನೂ ಆಗಿರಲಿಲ್ಲವೆಂದು ಆಮೇಲೆ ತಿಳಿಯಿತು. ನಮ್ಮ ಬೀದಿಗೆ ಕರೆಂಟು ಬಂದಿದ್ದರೂ ಕೇಬಲಿನವರ ಕೋಣೆಗೆ ಇನ್ನೂ ಬಂದಿರಲಿಲ್ಲ. ಪೆಟ್ಟಿಗೆಯ ಮೇಲೆ ಕೆಂಪು ದೀಪವೊಂದು ಮಿನುಗುತ್ತಾ ಅದನ್ನೇ ಹೇಳುತ್ತಿತ್ತು. ಅಕ್ಷರ ಕಲಿಸುವುದನ್ನೇ ವೃತ್ತಿಯಾಗಿಸಿಕೊಂಡ ನಾನು ನಾಲ್ಕು ದೀಪಗಳನ್ನು ಓದಲಾರದೆ ಹೋದೆ.

ಆ ಓದು ಕಷ್ಟವೇನಲ್ಲ. ಫೈಬರ್ ಸಂಪರ್ಕವಿರುವ ಮನೆಗಳ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ‘ಪವರ್’ ದೀಪ ಕರೆಂಟಿನದು. ಅದು ಹತ್ತದಿದ್ದರೆ ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರು ಹಾಕಿ ನೋಡಬೇಕು. ಸಾಕೆಟ್ಟು ಸರಿಯಿದ್ದರೆ ಅನುಮಾನ ಅಡಾಪ್ಟರಿನ ಮೇಲೆ. ಬೇರೆ ಅಡಾಪ್ಟರು ಹಾಕುವುದಾದರೆ ಪಿನ್ನು ಹೊಂದಿದರೆ ಸಾಲದು. ವೋಲ್ಟೇಜು ಹಳೆಯದರಷ್ಟೇ ಇರಬೇಕು, ಆಂಪಿಯರ್ ಕಡಿಮೆಯಿರಬಾರದು. ‘ಪಿಒಎನ್’ ದೀಪ ಹಸಿರಾಗಿ ನಿಂತಿದ್ದರೆ ಕೇಬಲಿನವರ ಯಂತ್ರದೊಡನೆ ನಂಟು ಕೂಡಿದೆ ಎಂದರ್ಥ. ಮಿನುಗುತ್ತಿದ್ದರೆ ಇನ್ನೂ ಪ್ರಯತ್ನಿಸುತ್ತಿದೆ ಎಂದು. ‘ಎಲ್‌ಒಎಸ್’ ಕೆಂಪಾಗಿ ಮಿನುಗಿದರೆ ತಂತಿಯ ಮೂಲಕ ಬೆಳಕೇ ಬರುತ್ತಿಲ್ಲ: ತಂತಿ ಎಲ್ಲೋ ತುಂಡಾಗಿರಬಹುದು, ಮಡಚಿರಬಹುದು, ಅಥವಾ ಅತ್ತ ಕಡೆ ಕರೆಂಟಿಲ್ಲದಿರಬಹುದು. ಆಗ ಮನೆಯೊಳಗೆ ಯಾವ ಗುಂಡಿ ಒತ್ತಿದರೂ ಫಲವಿಲ್ಲ. ಇನ್ನು ವೈಫೈ ದೀಪ ಹತ್ತಿದ ಮಾತ್ರಕ್ಕೆ ಇಂಟರ್ನೆಟ್ ಬಂದಂತಲ್ಲ. ಪೆಟ್ಟಿಗೆಗೂ ನಮ್ಮ ಫೋನಿಗೂ ನಂಟಿದೆ ಎಂಬುದಷ್ಟೇ ಅದರ ಮಾತು.

ಕ್ರಮವೂ ಮುಖ್ಯ. ಕರೆಂಟು ಹೋದ ಕೂಡಲೇ ಪ್ಲಗ್ಗು ತೆಗೆದಿಡುವುದು ಲೇಸು. ಮರಳಿ ಬರುವಾಗಿನ ವೋಲ್ಟೇಜಿನ ಏರಿಳಿತ ಅಡಾಪ್ಟರನ್ನು ಸುಡಬಲ್ಲದು. ಕರೆಂಟು ಬಂದು ಐದು ನಿಮಿಷ ಸ್ಥಿರವಾದ ಮೇಲೆ ಹಾಕಿ, ಎರಡು ಮೂರು ನಿಮಿಷ ಸುಮ್ಮನಿರಬೇಕು. ಎರಡು ಪೆಟ್ಟಿಗೆಗಳಿದ್ದರೆ ಮೊದಲು ಫೈಬರಿನದು, ಅದರ ದೀಪ ನಿಂತ ಮೇಲೆ ವೈಫೈಯದು. ಆಗಲೂ ಬಾರದಿದ್ದರೆ ಪ್ಲಗ್ಗು ತೆಗೆದು ಅರ್ಧ ನಿಮಿಷ ಬಿಟ್ಟು ಇನ್ನೊಮ್ಮೆ ಹಾಕಬಹುದು. ಪಿನ್ನನ್ನಂತೂ ಮುಟ್ಟಲೇಬಾರದು.

ಇದೆಲ್ಲ ಕನ್ನಡ ವಿಭಾಗದ ವಾರ್ತಾಪತ್ರಕ್ಕೆ ಏಕೆ ಎಂದು ಓದುಗರು ಕೇಳಬಹುದು. ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಅಂದು ಆದವಾನಿ, ಆಲೂರುಗಳೊಡನೆ ಆಂಧ್ರಕ್ಕೆ ಸೇರಿತು. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯನ್ನು ಒಳಗೊಂಡ ಮಡಕಶಿರಾ ಸೀಮೆ ಅನಂತಪುರ ಜಿಲ್ಲೆಯಲ್ಲಿದ್ದು, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗಡಿಗಳು ಹೀಗೆ ಬದಲಾದರೂ ಈ ಎರಡೂ ಕಡೆ ಅನೇಕ ಮನೆಗಳ ಮಾತು ಕನ್ನಡವೇ. ಕಚೇರಿಯ ಭಾಷೆ ತೆಲುಗು, ಅದು ನಮಗೆ ಪರಕೀಯವೂ ಅಲ್ಲ. ಆದರೆ ರೂಟರಿನ ಡಬ್ಬಿಯೊಳಗಿನ ಚೀಟಿ ಇಂಗ್ಲಿಷಿನಲ್ಲಿತ್ತು. ಸಹಾಯವಾಣಿಯ ಆಯ್ಕೆಗಳಲ್ಲಿ ಆ ರಾತ್ರಿ ಕನ್ನಡ ಸಿಗಲಿಲ್ಲ. ಕನ್ನಡದ ಪುಸ್ತಕ ಸುಲಭವಾಗಿ ಸಿಗದ ಇಂಥ ಊರುಗಳಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಗ್ರಂಥಾಲಯವೂ ಅರ್ಜಿಯ ಕಿಂಡಿಯೂ ಆ ಪೆಟ್ಟಿಗೆಯೇ ಆಗಿದೆ.

‘ಇಂಥದ್ದನ್ನೆಲ್ಲ ಹುಡುಗರು ನೋಡಿಕೊಳ್ಳುತ್ತಾರೆ’ ಎನ್ನುವವರಿದ್ದಾರೆ. ಹುಡುಗರು ದುಡಿಮೆಗೆ ಬೆಂಗಳೂರಿಗೆ ಹೋದ ಮನೆಗಳಲ್ಲಿ ನೋಡಿಕೊಳ್ಳುವವರು ಯಾರು? ಅಮರಾಪುರದ ಕಡೆಯ ನಮ್ಮ ವಿದ್ಯಾರ್ಥಿಯೊಬ್ಬ ಹಾಸ್ಟೆಲಿನಿಂದ ತನ್ನ ಅಜ್ಜಿಗೆ ಫೋನು ಮಾಡಿ, ಎಡಗಡೆಯಿಂದ ಎಷ್ಟನೆಯ ದೀಪ, ಯಾವ ಬಣ್ಣ, ನಿಂತಿದೆಯೋ ಮಿನುಗುತ್ತಿದೆಯೋ ಎಂದು ಕೇಳುತ್ತಿದ್ದುದನ್ನು ನಾನು ಕೇಳಿದ್ದೇನೆ. ‘ಎರಡನೇದು ಹಸಿರಗೆ ಮಿಣಮಿಣ ಅಂತೈತಪ್ಪಾ’ ಎಂದರು ಅಜ್ಜಿ. ‘ಇನ್ನೊಂದೀಟು ಹೊತ್ತು ಸುಮ್ಕಿರಜ್ಜಿ, ನಿಂತ್ಕಂತದೆ’ ಎಂದ ಇವನು. ನಿಂತಿತು. ಇಂಗ್ಲಿಷಿನ ಒಂದಕ್ಷರವೂ ಅಲ್ಲಿ ಬೇಕಾಗಲಿಲ್ಲ.

ಅಜ್ಜಿ ಮತ್ತು ಮೊಮ್ಮಗನ ಆ ಮಾತೇ ತಾಂತ್ರಿಕ ಕನ್ನಡ ಎಂಬುದು ನನ್ನ ಅಭಿಪ್ರಾಯ. ‘ನಿಸ್ತಂತು ಮಾರ್ಗನಿರ್ದೇಶಕ’ ಎಂದು ಬರೆದರೆ ಕೋಶಕ್ಕೆ ಒಂದು ಪದ ಹೆಚ್ಚೀತು, ಕತ್ತಲೆಯ ಮನೆಗೆ ಉಪಯೋಗವಾಗದು. ಕರೆಂಟು, ಪ್ಲಗ್ಗು, ಲೈಟು ಎಂಬ ಪದಗಳು ಇಂದು ನಮ್ಮವೇ. ಅವುಗಳನ್ನು ಕನ್ನಡದ ವಾಕ್ಯದಲ್ಲಿ ಸ್ಪಷ್ಟವಾಗಿ ಜೋಡಿಸುವುದು ನಮ್ಮ ಕೆಲಸ. ಪ್ರಬಂಧ ಬರೆಯುವುದನ್ನು ಕಲಿಸುವ ನಾವು ಸೂಚನೆ ಬರೆಯುವುದನ್ನು ಕಲಿಸುತ್ತಿಲ್ಲ. ಒಂದು ಸೂಚನೆಯಲ್ಲಿ ಒಂದೇ ಕೆಲಸ, ಮಾಡಬೇಕಾದ ಕ್ರಮದಲ್ಲಿಯೇ ಸೂಚನೆಗಳ ಕ್ರಮ, ಮಾಡಬಾರದ್ದು ಎಲ್ಲಕ್ಕಿಂತ ಮೊದಲು: ಇದಕ್ಕೂ ಭಾಷೆಯ ಮೇಲೆ ಹಿಡಿತ ಬೇಕು.

ಆದುದರಿಂದ ಒಂದು ಸಲಹೆಯಿದೆ. ಈ ವರ್ಷ ನಮ್ಮ ವಿದ್ಯಾರ್ಥಿಗಳು ಒಂದೇ ಪುಟದ ಕೈಪಿಡಿಯೊಂದನ್ನು ಬರೆಯಲಿ. ಅದನ್ನು ನಾವು ಅಧ್ಯಾಪಕರು ತಿದ್ದುವುದು ಬೇಡ. ದೀಪಾವಳಿ ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರ ಮುಂದೆ ಓದಲಿ. ಅವರು ಎಲ್ಲಿ ತಡೆದು ‘ಏನಂದೆ?’ ಎಂದು ಕೇಳುವರೋ ಅಲ್ಲಿ ತಿದ್ದಲಿ. ಹಾಗೆ ಸಿದ್ಧವಾದ ಪುಟ ರೂಟರಿನ ಪಕ್ಕದ ಗೋಡೆಗೆ ಅಂಟಲಿ. ನಮ್ಮ ಮನೆಯ ಗೋಡೆಗೆ ಸದ್ಯಕ್ಕೆ ತಮ್ಮನ ಮಗಳು ಬರೆದ ಒಂದು ಸಾಲು ಅಂಟಿದೆ: ‘ದೊಡ್ಡಪ್ಪಾ, ಪಿನ್ನು ಮುಟ್ಟಬೇಡಿ.’