ತಂತ್ರಾಂಶಕ್ಕೂ ತಾಲೀಮು ಬೇಕು

ಕೃಷ್ಣಗಿರಿ ಜಿಲ್ಲೆಯಲ್ಲಿ ಮಾವಿನ ತಿರುಳು ತಯಾರಿಸುವ ಕಾರ್ಖಾನೆಗಳ ಬಹುಪಾಲು ಖರೀದಿ ಸುಗ್ಗಿಯ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ತೋತಾಪುರಿ ತುಂಬಿದ ಲಾರಿಗಳು ಬಾಗಿಲಲ್ಲಿ ಸಾಲುಗಟ್ಟಿರುವಾಗ, ತೂಕ, ದರ ಮತ್ತು ರೈತರ ಪಾವತಿಯ ಲೆಕ್ಕವಿಡಬೇಕಾದ ಹೊಸ ತಂತ್ರಾಂಶವು ಕೈಕೊಟ್ಟರೆ ಹಣ್ಣು ಕಾಯುವುದಿಲ್ಲ. ಆದುದರಿಂದ ಇಂತಹ ತಂತ್ರಾಂಶವನ್ನು ಮಾಡಿಸುವವರು ಬೆಲೆಗಿಂತ ಮೊದಲು ಕೇಳಬೇಕಾದುದು, ಅದರ ತಾಲೀಮು ಎಲ್ಲಿ, ಯಾವಾಗ, ಯಾರ ಖರ್ಚಿನಲ್ಲಿ ನಡೆಯುತ್ತದೆ ಎಂಬುದನ್ನು.

ರೂಢಿಯಲ್ಲಿ ಇದಕ್ಕೆ ಮೂರು ಪ್ರತ್ಯೇಕ ನೆಲೆಗಳಿರುತ್ತವೆ. ಮೊದಲನೆಯದು ಅಭಿವೃದ್ಧಿಯ ನೆಲೆ. ತಂತ್ರಾಂಶ ಬರೆಯುವವರು ಅಲ್ಲಿ ಬರೆದು, ಅಳಿಸಿ, ತಿದ್ದುತ್ತಾರೆ. ಎರಡನೆಯದು ಪರೀಕ್ಷೆಯ ನೆಲೆ. ಬರೆದವರಲ್ಲದೆ ಬೇರೆಯವರು, ನಾಳೆ ಅದನ್ನು ಬಳಸಲಿರುವ ಗುಮಾಸ್ತರೂ ಸೇರಿ, ಅಲ್ಲಿ ದೋಷಗಳನ್ನು ಹುಡುಕುತ್ತಾರೆ. ಮೂರನೆಯದು ನಿಜವಾದ ವಹಿವಾಟಿನ ನೆಲೆ. ಮೊದಲೆರಡರ ತಪ್ಪು ಮೂರನೆಯದನ್ನು ಮುಟ್ಟದಂತೆ ನಡುವೆ ಗೋಡೆಯಿರಬೇಕು. ಹಾಗಿದ್ದೂ ಪರೀಕ್ಷೆಯ ನೆಲೆಯು ವಹಿವಾಟಿನ ನೆಲೆಯನ್ನೇ ಹೋಲಬೇಕು: ಅದೇ ಬಗೆಯ ಸರ್ವರ್, ಅದೇ ಜೋಡಣೆ, ಅಷ್ಟೇ ಹೊರೆ. ಹತ್ತು ಬಿಲ್ಲುಗಳನ್ನು ಹಾಕಿ ನೋಡಿದ ಮಾತ್ರಕ್ಕೆ ಸುಗ್ಗಿಯ ಹೊರೆ ತಿಳಿಯದು.

ಈ ಹೋಲಿಕೆ ತಪ್ಪಿದರೆ ಏನಾಗುವುದೆಂಬುದಕ್ಕೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು ಸಾಕ್ಷಿಯಾಗಿದೆ. 2018ರ ಏಪ್ರಿಲ್ ತಿಂಗಳಲ್ಲಿ ಅದು ಸುಮಾರು 50 ಲಕ್ಷ ಗ್ರಾಹಕರ ಖಾತೆಗಳನ್ನು ಒಂದೇ ವಾರಾಂತ್ಯದಲ್ಲಿ ಹೊಸ ವ್ಯವಸ್ಥೆಗೆ ಸಾಗಿಸಿತು. ಆ ವ್ಯವಸ್ಥೆ ಎರಡು ದತ್ತಾಂಶ ಕೇಂದ್ರಗಳಿಂದ ನಡೆಯಬೇಕಿತ್ತು. ಹೊರೆಯ ಪರೀಕ್ಷೆ ನಡೆದದ್ದು ಒಂದರಲ್ಲಿ ಮಾತ್ರ. ಎರಡರ ಜೋಡಣೆ ಒಂದೇ ರೀತಿ ಇರಲಿಲ್ಲವೆಂಬುದು ಗ್ರಾಹಕರು ಬಂದ ಮೇಲೆ ಬಯಲಾಯಿತು. ಸುಮಾರು 19 ಲಕ್ಷ ಜನ ತಮ್ಮ ಖಾತೆಗಳಿಂದಲೇ ಹೊರಗುಳಿದರು. ಎಲ್ಲವೂ ಸರಿಹೋಗಲು ಡಿಸೆಂಬರ್ ಬರಬೇಕಾಯಿತು. 2022ರಲ್ಲಿ ನಿಯಂತ್ರಕರು ಬ್ಯಾಂಕಿಗೆ 4 ಕೋಟಿ 86 ಲಕ್ಷ ಪೌಂಡುಗಳಿಗೂ ಮೀರಿದ ದಂಡ ವಿಧಿಸಿದರು.

ಪರೀಕ್ಷೆಗೆ ಬಳಸುವ ದತ್ತಾಂಶವೂ ಅಷ್ಟೇ ಮುಖ್ಯವಾದುದು. ರೈತರ ನಿಜವಾದ ಆಧಾರ್ ಮತ್ತು ಬ್ಯಾಂಕ್ ಸಂಖ್ಯೆಗಳನ್ನು ಪರೀಕ್ಷೆಯ ನೆಲೆಗೆ ನಕಲು ಮಾಡುವುದು ಸುಲಭ. ಆದರೆ ಅಲ್ಲಿ ಕಾವಲು ಸಡಿಲ, ಕೈಯಾಡಿಸುವವರು ಹಲವರು. ಆದುದರಿಂದ ಕಲ್ಪಿತ ಹೆಸರು, ಕಲ್ಪಿತ ಸಂಖ್ಯೆಗಳೇ ಲೇಸು. ಆ ಕಲ್ಪಿತ ಹೆಸರುಗಳಾದರೂ ಈ ನೆಲದ ಹೆಸರುಗಳಂತಿರಬೇಕು. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಹೊಸೂರಿನ ಕನ್ನಡ ಶಾಲೆಯ ಗಂಗಾಧರನು ತಮಿಳಿನ ಮೂಲಕ ಇಂಗ್ಲಿಷಿಗೆ ದಾಟುವಾಗ ಕಂಗಾಧರನಾಗಬಹುದು. ತಂದೆಯ ಹೆಸರಿನ ಮೊದಲಕ್ಷರ ಒಂದು ದಾಖಲೆಯಲ್ಲಿ ಹೆಸರಿಗೆ ಮುಂಚೆ, ಇನ್ನೊಂದರಲ್ಲಿ ಕೊನೆಗೆ ಬರುತ್ತದೆ. ಕುಲನಾಮವನ್ನು ಕಡ್ಡಾಯವಾಗಿ ಕೇಳುವ ನಮೂನೆಯನ್ನು ‘ರಮೇಶ್ ಕುಮಾರ್’ ಎಂಬ ಒಂದೇ ಹೆಸರಿನಿಂದ ಪರೀಕ್ಷಿಸಿದರೆ ಅದು ತೇರ್ಗಡೆಯಾಗುತ್ತದೆ. ಸುಗ್ಗಿಯಲ್ಲಿ ಪಾವತಿ ನಿಲ್ಲುವುದು ಒಂಟಿ ಹೆಸರಿನ ಮುನಿಯಪ್ಪನದು.

ಕೆಲಸ ತಡವಾದಾಗ ಮೊದಲು ಕತ್ತರಿ ಬೀಳುವುದು ಪರೀಕ್ಷೆಯ ದಿನಗಳಿಗೇ. ಅದಕ್ಕಾಗಿ ಪರೀಕ್ಷೆಯ ನೆಲೆ, ಅದರ ವೆಚ್ಚ, ದಿನಾಂಕ ಹಾಗೂ ಹೊಣೆಗಾರರ ವಿವರಗಳನ್ನು ಒಪ್ಪಂದದಲ್ಲೇ ಬರೆಯಿಸಿಕೊಳ್ಳುವುದು ವಿವೇಕ. ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಾಳೆ ಈ ಕೆಲಸಕ್ಕೆ ಸೇರಲಿರುವವರಲ್ಲಿ ಗಡಿನಾಡಿನ ಕನ್ನಡ ಶಾಲೆಗಳ ಮಕ್ಕಳೂ ಇರಬಹುದು. ತಮ್ಮ ಹೆಸರು ಮೂರು ಲಿಪಿಗಳಲ್ಲಿ ಹೇಗೆ ರೂಪ ಬದಲಿಸುತ್ತದೆಂಬುದನ್ನು ಅವರು ಬಾಲ್ಯದಿಂದಲೇ ಬಲ್ಲರು. ಮುನಿಯಪ್ಪನ ಹೆಸರನ್ನು ಪರೀಕ್ಷೆಯ ಪಟ್ಟಿಗೆ ಸೇರಿಸಲು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.